ಎಂಟು ಅಂಕದ ನಾಲಿಗೆ

ಕೇಂದ್ರ ಸರಕಾರದ ಗುಮಾಸ್ತನೊಬ್ಬ ಒಂದೇ ಏಟಿಗೆ ಡ್ರಾಗನ್ನನ್ನು ಕೆಡವಿದನೆಂದರೆ ನೀವು ನಂಬಲಾರಿರಿ. ನಮ್ಮ ಸೆಕ್ಷನ್ನಿನಲ್ಲಿಯೂ ಯಾರೂ ನಂಬಲಿಲ್ಲ. ಆದರೂ ಅದು ನಿಜ. ಒಂದಲ್ಲ, ಹತ್ತಾರು ಡ್ರಾಗನ್ನುಗಳನ್ನು ಹಾಗೆ ಕೆಡವಿದ್ದೇನೆ. ಕೊನೆಕೊನೆಗೆ ಕೆಡವುತ್ತಲೇ ಆಕಳಿಸುತ್ತಿದ್ದೆ ಎಂಬುದೂ ಅಷ್ಟೇ ನಿಜ.

ಇದು ಕಂಪ್ಯೂಟರಿನ ಆಟದ ಮಾತು. ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ತಾನು ಹೊಸ ಕಂಪ್ಯೂಟರು ಕೊಂಡಾಗ ಹಳೆಯದನ್ನು ಅಕ್ಕನ ಮಗಳ ಓದಿಗೆಂದು ದೆಹಲಿಗೆ ಕಳಿಸಿಕೊಟ್ಟ. ಓದಿಗೆಂದು ಬಂದ ಯಂತ್ರದ ಹಿಂದೆಯೇ ಆಟಗಳೂ ಬಂದವು. ಮೊದಲು ಬೈಯುವುದಕ್ಕೆಂದು ಮಗಳ ಹಿಂದೆ ನಿಂತವನು ನಾನು. ನಿಂತವನು ಕುಳಿತೆ. ಈಗ ರಾತ್ರಿ ಊಟಕ್ಕೆ ಕರೆಯುವಾಗ ನನ್ನಾಕೆ, "ರೀ, ಅಪ್ಪ ಮಗಳು ಇಬ್ಬರೂ ಆ ಪೆಟ್ಟಿಗೆ ಒಳಗೇ ಹೊಕ್ಕರೆ ನಾನು ಯಾರಿಗೆ ಬಡಿಸಲಿ?" ಎನ್ನುತ್ತಾಳೆ.

ಈ ಆಟಗಳ ಸ್ವಾರಸ್ಯವೇನೆಂದರೆ, ಆಡುವವನು ಮೊದಲು ತನ್ನ ವೇಷವನ್ನು ತಾನೇ ಕಟ್ಟಿಕೊಳ್ಳಬೇಕು. ನಮ್ಮ ಸಾಗರದ ಕಡೆ ಯಕ್ಷಗಾನದ ಚೌಕಿಯಲ್ಲಿ ಕುಳಿತು ಬಣ್ಣ ಹಚ್ಚಿಕೊಂಡ ಹಾಗೆ. ಇವುಗಳಿಗೆಲ್ಲ ಮೂಲ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್'. ಅದಕ್ಕೆ ಕಂಪ್ಯೂಟರು ಬೇಕಿರಲಿಲ್ಲ. ಒಂದು ಮೇಜು, ಕಾಗದ, ಪೆನ್ಸಿಲು, ದಾಳಗಳು, ನಾಲ್ಕು ಜನ ಸ್ನೇಹಿತರು ಇದ್ದರೆ ಸಾಕು. ಪ್ರತಿ ಪಾತ್ರಕ್ಕೂ ಆರು ಗುಣ: ಶಕ್ತಿ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದು ಗುಣಕ್ಕೂ ಆರು ಮುಖದ ಮೂರು ದಾಳ ಉರುಳಿಸಿ, ಬಿದ್ದದ್ದನ್ನು ಕೂಡಿಸಿ ಬರೆದುಕೊಳ್ಳುವುದು ಮೊದಲಿನ ಕ್ರಮ. ಮೂರಕ್ಕಿಂತ ಕೆಳಗಿಲ್ಲ, ಹದಿನೆಂಟಕ್ಕಿಂತ ಮೇಲಿಲ್ಲ. ಮೂರು ದಾಳದಲ್ಲೂ ಆರೇ ಬೀಳುವ ಸಂಭವ 216ರಲ್ಲಿ ಒಂದು. ಹೆಚ್ಚಿನವರ ಹಣೆಯಲ್ಲಿ ಬರೆದದ್ದು ಹತ್ತೋ ಹನ್ನೊಂದೋ. ಬ್ರಹ್ಮನೂ ಹೀಗೆಯೇ ಉರುಳಿಸುತ್ತಾನೋ ಏನೋ.

1998ರಲ್ಲಿ ಕೆನಡಾದ ಬಯೋವೇರ್ ಕಂಪನಿ ಇದನ್ನೇ ಆಧರಿಸಿ 'ಬಾಲ್ಡರ್ಸ್ ಗೇಟ್' ಎಂಬ ಕಂಪ್ಯೂಟರ್ ಆಟವನ್ನು ಮಾಡಿತು. ನಾನಾಗ ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮರುವರ್ಷವೋ ಅದರಾಚೆಯೋ, ಅನುಕೂಲಸ್ಥ ಗೆಳೆಯನೊಬ್ಬನ ಮನೆಯಲ್ಲಿ ಅದನ್ನು ನೋಡಿದೆ. ಅಲ್ಲಿ ದಾಳವನ್ನು ಕಂಪ್ಯೂಟರೇ ಉರುಳಿಸುತ್ತಿತ್ತು. ಬಿದ್ದ ಅಂಕ ಹಿಡಿಸದಿದ್ದರೆ ಗುಂಡಿಯೊತ್ತಿ ಮತ್ತೆ ಉರುಳಿಸಬಹುದು, ಎಷ್ಟು ಸಲ ಬೇಕಾದರೂ. ಒಂದು ಭಾನುವಾರ ಸಂಜೆ ಪೂರ್ತಿ ನಾನು ಆ ಗುಂಡಿಯನ್ನೇ ಒತ್ತುತ್ತ ಕುಳಿತಿದ್ದೆ. ಗೆಳೆಯ ಎರಡು ಸಲ ಕಾಫಿ ತಂದುಕೊಟ್ಟು, "ಮಾರಾಯ, ಆಟ ಶುರು ಮಾಡೋದು ಯಾವಾಗ?" ಎಂದ. ನನ್ನ ಮಟ್ಟಿಗೆ ಆಟ ಅದೇ ಆಗಿತ್ತು. ಆರು ಗುಣಗಳಲ್ಲಿ ಯಾವುದು ಕಡಿಮೆ ಬಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ, ವರ್ಚಸ್ಸೊಂದು ಹದಿನೆಂಟು ಆಗಲೇಬೇಕಿತ್ತು. ಆ ಆಟದಲ್ಲಿ ವರ್ಚಸ್ಸೆಂದರೆ ಮಾತು, ಎದುರಿನವರನ್ನು ಒಲಿಸುವ ಮಾತು.

ಇದಕ್ಕೆ ಕಾರಣ ನನ್ನನ್ನು ಬಲ್ಲ ಸಂಘದ ಸದಸ್ಯರಿಗೆ ಹೇಳಬೇಕಾಗಿಲ್ಲ. ನನಗೆ ಉಗ್ಗು. ಚಿಕ್ಕಂದಿನಿಂದಲೂ ಇದೆ. ಎಲ್ಲ ಅಕ್ಷರಕ್ಕೂ ಅಲ್ಲ, ಮುಖ್ಯವಾಗಿ 'ಕ'ಕಾರಕ್ಕೆ. ಕನ್ನಡದವನಾಗಿ ಹುಟ್ಟಿ, ಕರ್ನಾಟಕದಿಂದ ಬಂದು, ಕೇಂದ್ರ ಸರಕಾರದಲ್ಲಿ ಕ್ಲಾರ್ಕನಾಗಿರುವ ಮನುಷ್ಯನಿಗೆ 'ಕ' ಬಾರದಿದ್ದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ದೆಹಲಿಗೆ ಬಂದ ಹೊಸದರಲ್ಲಿ ಕರೋಲ್ ಬಾಗಿನ ಕೋಣೆಯಲ್ಲಿದ್ದೆ. ಬಸ್ಸಿನಲ್ಲಿ ಆ ಹೆಸರು ಹೇಳಲಾರದೆ, ಮುಂದಿನ ಪಟೇಲ್ ನಗರಕ್ಕೆ ಟಿಕೆಟು ಕೊಂಡು, ಅಲ್ಲಿಳಿದು ಹಿಂದಕ್ಕೆ ನಡೆದು ಬರುತ್ತಿದ್ದೆ. ಕೆಲಸ ಆರಿಸಿಕೊಂಡದ್ದೂ ಹಾಗೆಯೇ. 2004ರಲ್ಲಿ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗಳಿಗೆ ಕುಳಿತಾಗ ಇನ್‌ಸ್ಪೆಕ್ಟರ್ ಹುದ್ದೆಗೆ ಸಂದರ್ಶನವಿತ್ತು. ಗುಮಾಸ್ತನ ಹುದ್ದೆಗೆ ಬರವಣಿಗೆ, ಟೈಪಿಂಗು, ಅಷ್ಟೇ. ಬೆರಳು ಉಗ್ಗುವುದಿಲ್ಲವಲ್ಲ! 2016ರ ಜನವರಿಯಿಂದ ಸರಕಾರ ಈ ದರ್ಜೆಯ ಹುದ್ದೆಗಳಿಗೆಲ್ಲ ಸಂದರ್ಶನವನ್ನೇ ತೆಗೆದುಹಾಕಿತು. ಆ ಸುತ್ತೋಲೆಯನ್ನು ಫೈಲಿಗೆ ಹಾಕುವಾಗ ನನ್ನ ಮುಖ ಹೇಗಿತ್ತೆಂದು ನಾನೇ ನೋಡಿಕೊಳ್ಳಲಿಲ್ಲ.

ಹೀಗೆ ಹಗಲೆಲ್ಲ ಒಂದು ಅಕ್ಷರಕ್ಕೆ ಹೆದರಿ ಹತ್ತು ಅಕ್ಷರ ಸುತ್ತಿ ಬರುವವನು ರಾತ್ರಿ ಒಂದು ಗಂಟೆ ಯಾರಿಗೂ ಹೆದರದ ವೀರನಾಗಬೇಕೆಂದರೆ ಅದರಲ್ಲಿ ತಪ್ಪೇನು? ಅಜೇಯನಾಗಿ ಆಡುವವರನ್ನು ಹಗುರವಾಗಿ ನೋಡುವ ಒಂದು ಪಂಥ ಆಟಗಾರರಲ್ಲಿದೆ. ನನಗೆ ಅದು ಒಪ್ಪಿಗೆಯಿಲ್ಲ. ಹೊಟ್ಟೆ ತುಂಬಿದವರು ಉಪವಾಸದ ಮಹಿಮೆ ಹೇಳಿದ ಹಾಗೆ ಅದು.

ಭಾವಮೈದುನನ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಆಟ 2011ರ 'ಸ್ಕೈರಿಮ್'. ಹಿಮದ ನಾಡು, ಡ್ರಾಗನ್ನುಗಳ ಕಾಟ. ಅದರಲ್ಲೊಂದು ಲೋಪವನ್ನು ಆಟಗಾರರು ಎಂದೋ ಕಂಡುಹಿಡಿದಿದ್ದರು. ಗಿಡಮೂಲಿಕೆ ಅರೆದು ಒಂದು ಬಗೆಯ ಔಷಧ ಮಾಡಿ ಕುಡಿದು, ಮಂತ್ರ ಹಾಕಿದ ಉಡುಪನ್ನು ಕಳಚಿ ಮತ್ತೆ ತೊಟ್ಟರೆ ಆ ಉಡುಪಿನ ಮಂತ್ರಬಲ ಹೆಚ್ಚುತ್ತದೆ. ಆ ಬಲದಿಂದ ಇನ್ನೂ ತೀಕ್ಷ್ಣವಾದ ಔಷಧ, ಅದರಿಂದ ಉಡುಪಿಗೆ ಇನ್ನೂ ಬಲ. ಚಕ್ರಬಡ್ಡಿ! ರಸಾಯನಶಾಸ್ತ್ರ ಓದಿದ ನನ್ನ ಪದವಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತೆಂದು ಖುಷಿಪಟ್ಟೆ. ನನ್ನ ಕತ್ತಿ ಸೋಕಿದ ಪ್ರಾಣಿ ಬದುಕುತ್ತಿರಲಿಲ್ಲ. ಎರಡು ವಾರ ಸುಖವಾಗಿತ್ತು. ಮೂರನೆಯ ವಾರ ಗುಹೆಯೊಳಗೆ ಏನಿದೆಯೋ ಎಂಬ ಭಯ ಹೋಯಿತು. ಭಯದ ಜೊತೆಗೆ ಗುಹೆಯೂ ಹೋಯಿತು. ಒಳಗೆ ಏನಿದ್ದರೂ ಒಂದೇ ಆದಮೇಲೆ ಒಳಗೆ ಹೋಗುವುದೇಕೆ?

ಊರಿನಲ್ಲಿ ಬೆಳಗಿನ ಜಾವದವರೆಗೆ ಕಣ್ಣು ಬಿಟ್ಟುಕೊಂಡು ನೋಡಿದ ಆಟಗಳು ನೆನಪಾದವು. ಭಸ್ಮಾಸುರನಿಗೆ ಶಿವ ಕೊಟ್ಟ ವರಕ್ಕಿಂತ ದೊಡ್ಡ ಬಲ ಯಾವುದು? ಆದರೆ ರಂಗದ ಮೇಲೆ ಅವನು ರುಚಿಸುವುದು ಮೋಹಿನಿ ಬಂದು ಅವನ ಬುದ್ಧಿ ಜಾರಿದ ಮೇಲೆಯೇ. ವಿರಾಟ ಪರ್ವದಲ್ಲಿ ನಾವು ಹುಡುಗರು ಕಾಯುತ್ತಿದ್ದುದು ಅರ್ಜುನನಿಗಲ್ಲ, ರಥದಿಂದ ಹಾರಿ ಓಡುವ ಉತ್ತರಕುಮಾರನಿಗೆ.

ಇನ್ನು ಮಗಳ ವಿಷಯ. ಅವಳೀಗ ಬಿ.ಎ. ಮೊದಲ ವರ್ಷ. ಅವಳಿಗೂ ಉಗ್ಗು ಇದೆ. ಐದನೆಯ ವಯಸ್ಸಿನಲ್ಲಿ ಶುರುವಾಯಿತು. ಇದು ಮನೆತನದಲ್ಲಿ ಇಳಿದು ಬರಬಹುದೆಂದು ಡಾಕ್ಟರು ಹೇಳಿದ ದಿನ ನಾನು ಆಫೀಸಿಗೆ ಹೋಗಲಿಲ್ಲ. ಹೊಲ ಮನೆ ಕೊಡಲಾರದ ತಂದೆ ಇದನ್ನು ಕೊಟ್ಟೆನಲ್ಲ ಎಂದು. ಈ ಮಾತನ್ನು ನಾನು ಅವಳ ಹತ್ತಿರ ಎಂದೂ ಆಡಿರಲಿಲ್ಲ.

2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸ್ಟುಡಿಯೋಸ್ ಎಂಬ ಸಂಸ್ಥೆ 'ಬಾಲ್ಡರ್ಸ್ ಗೇಟ್' ಆಟದ ಮೂರನೆಯ ಭಾಗವನ್ನು ಹೊರತಂದಿತು. ಕಳೆದ ವರ್ಷ ಅದು ಅಗ್ಗದಲ್ಲಿ ಸಿಕ್ಕಾಗ ಮಗಳು ತನ್ನ ಉಳಿತಾಯದಿಂದ ಕೊಂಡಳು. ಈ ಭಾಗದಲ್ಲಿ ಗುಣಗಳಿಗೆ ದಾಳ ಉರುಳಿಸುವುದಿಲ್ಲ. ಎಲ್ಲವೂ ಎಂಟರಿಂದ ಶುರು. ಕೈಗೆ 27 ಅಂಕ ಕೊಡುತ್ತಾರೆ, ಹಂಚಿಕೊಳ್ಳಬೇಕು. ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಕೊರತೆ, ನಮ್ಮ ಮನೆಯ ತಿಂಗಳ ಬಜೆಟ್ಟಿನ ಹಾಗೆ. ನಾನು ಎಂದಿನಂತೆ ವರ್ಚಸ್ಸಿಗೆ ಸುರಿದು ಒಬ್ಬ ಗಾಯಕನನ್ನು ಕಟ್ಟಿದೆ. ಅವಳು ಒಬ್ಬ ಕಾಲಾಳು ಹೆಂಗಸನ್ನು ಕಟ್ಟಿ ವರ್ಚಸ್ಸನ್ನು ಎಂಟರಲ್ಲಿಯೇ ಬಿಟ್ಟಳು.

ಮಾತಿನಿಂದ ಆಗಬೇಕಾದ ಕೆಲಸ ಬಂದಾಗ ತೆರೆಯ ಮೇಲೆ ಇಪ್ಪತ್ತು ಮುಖದ ದಾಳವೊಂದು ಉರುಳುತ್ತದೆ. ಬಿದ್ದದ್ದಕ್ಕೆ ನಿಮ್ಮ ಗುಣದ ಬಲ ಕೂಡುತ್ತದೆ. ವರ್ಚಸ್ಸು ಎಂಟಿದ್ದರೆ ಕೂಡುವುದಿಲ್ಲ, ಒಂದು ಕಳೆಯುತ್ತದೆ. ಒಟ್ಟು ಮೊತ್ತ ಗೊತ್ತುಮಾಡಿದ ಅಂಕಕ್ಕೆ ಮುಟ್ಟಿದರೆ ಗೆದ್ದಿರಿ. ದಾಳದಲ್ಲಿ ಒಂದೇ ಬಿದ್ದರೆ ಎಷ್ಟು ಬಲವಿದ್ದರೂ ಸೋಲು. ಆದರೆ ಜಾಣರಿಗೆ ದಾರಿಯುಂಟು. ಮಾತಿಗೆ ಮೊದಲು ಎಫ್ ಐದು ಒತ್ತಿ ಆಟವನ್ನು ಉಳಿಸಿಟ್ಟುಕೊಂಡರಾಯಿತು. ಸೋತರೆ ಎಫ್ ಎಂಟು. ಕಾಲ ಹಿಂದಕ್ಕೆ ಹೋಗುತ್ತದೆ, ಆಡಿದ ಮಾತು ಆಡದ ಹಾಗಾಗುತ್ತದೆ. ನನ್ನ ಕೀಲಿಮಣೆಯಲ್ಲಿ ಸವೆದದ್ದು ಅದೊಂದೇ ಕೀಲಿ.

ಆಟದ ಮೊದಲ ಭಾಗದಲ್ಲಿ ಒಂದು ವನ. ಅಲ್ಲಿಯ ಡ್ರೂಯಿಡರು ಗಿಡಮರಗಳನ್ನು ಆರಾಧಿಸುವವರು. ನೆಲೆ ಕಳೆದುಕೊಂಡು ಬಂದ ಟೀಫ್ಲಿಂಗ್ ಎಂಬ ಕೊಂಬಿನ ಜನ ಅಲ್ಲಿ ಆಶ್ರಯ ಪಡೆದಿದ್ದಾರೆ. ಅವರಲ್ಲಿ ಅರಾಬೆಲ್ಲ ಎಂಬ ಪುಟ್ಟ ಹುಡುಗಿ ದೇವರ ವಿಗ್ರಹ ಕದಿಯಲು ಹೋಗಿ ಸಿಕ್ಕಿಬಿದ್ದಿದ್ದಾಳೆ. ಕಾಘಾ ಎಂಬ ಹಂಗಾಮಿ ನಾಯಕಿ ಅವಳ ಮೇಲೆ ಹಾವನ್ನು ಕಾವಲಿಟ್ಟಿದ್ದಾಳೆ. ಹೊರಗೆ ತಂದೆ ತಾಯಿ ಗೋಗರೆಯುತ್ತಿದ್ದಾರೆ. ಮಗುವನ್ನು ಬಿಡುವಂತೆ ನೀವು ಕಾಘಾಳ ಮನವೊಲಿಸಬೇಕು.

ನನ್ನ ಗಾಯಕ ಮಾತಾಡಿದ. ಮೊದಲ ಸಲ ದಾಳ ಕೈಕೊಟ್ಟಿತು, ಮಗು ಓಡಲು ಹೋಯಿತು, ಹಾವು ಕಚ್ಚಿತು. ತಕ್ಷಣ ಎಫ್ ಎಂಟು. ಎರಡನೆಯ ಸಲ ಗೆದ್ದೆ. ತಾಯಿ ಸಂತೋಷದಿಂದ ಕೊರಳ ಪದಕವನ್ನು ಕೊಟ್ಟಳು. ಆ ಮಗು ಒಮ್ಮೆ ಸತ್ತಿತ್ತೆಂಬುದು ಆ ಪದಕ ಕೈಗೆ ಬರುವ ಹೊತ್ತಿಗೆ ನನಗೆ ಮರೆತೇಹೋಗಿತ್ತು.

ಮರುದಿನ ಮಗಳ ಸರದಿ. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಅವಳ ಕಾಲಾಳು ಕಾಘಾಳ ಮುಂದೆ ನಿಂತಳು, ದಾಳ ಉರುಳಿತು, ನಾಲ್ಕೋ ಐದೋ ಬಿತ್ತು. ಹಾವು ಕಚ್ಚಿತು. ನನ್ನ ಕೈ ತಾನಾಗಿ ಎಫ್ ಎಂಟಿನ ಕಡೆ ಹೋಯಿತು. ಮಗಳು ನನ್ನ ಮುಂಗೈ ಹಿಡಿದಳು.

"ಬೇಡ ಅಪ್ಪ."

"ಮಗು ಸತ್ತುಹೋಯ್ತಲ್ಲೇ!"

"ಹೌದು. ಸತ್ತುಹೋಯ್ತು."

ತೆರೆಯ ಮೇಲೆ ಆ ಮಗು ಬಿದ್ದೇ ಇತ್ತು. ನಾನು ಆ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳಿದೆ. "ನಿಂಗೆ ಮಾತಿನ ತೊಂದರೆ ಇದೆ ಅಂತ ಅವಳಿಗೂ ಎಂಟು ಕೊಟ್ಟೆಯಾ? ಆಟದಲ್ಲಾದರೂ..." ಮುಂದೆ ಹೇಳಲು ಬರಲಿಲ್ಲ. ಈ ಸಲ ಉಗ್ಗಿನಿಂದಲ್ಲ.

ಮಗಳು ಮಾತಿಗೆ ತಡಕಾಡಿದಳು. ತಡಕಾಡಿದಳೆಂದರೆ, ಮಾತು ಸಿಕ್ಕಿತ್ತು, ಹೊರಗೆ ಬರಬೇಕಾಗಿತ್ತು. ನಾನು ಕಾದೆ. ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಮುಗಿಸಿಕೊಡುವುದಿಲ್ಲ, ಅದೊಂದು ಕಟ್ಟಳೆ.

"ಉಗ್ಗೋದಕ್ಕೂ ವರ್ಚಸ್ಸಿಗೂ ಸಂಬಂಧ ಇಲ್ಲ ಅಪ್ಪ. ಅದು ನೀವು ಅಂದುಕೊಂಡಿರೋದು. ಇವಳಿಗೆ ಮಾತು ಬರಲ್ಲ, ಅಷ್ಟೆ. ಬರದೆ ಇದ್ರೆ ಆಮೇಲೆ ಏನು ಮಾಡ್ತಾಳೆ ಅಂತ ನೋಡಬೇಕು ನಂಗೆ. ನೀವು ಆಮೇಲೆ ಅನ್ನೋದನ್ನ ನೋಡೋದೇ ಇಲ್ಲ, ಹಿಂದಕ್ಕೆ ಹೋಗ್ತೀರಿ."

ಆಮೇಲೆ ಏನಾಯಿತೆಂದರೆ, ಕಾಘಾಳನ್ನು ಮಾತಿನಿಂದ ಮಣಿಸಲಾರದ ಆ ಕಾಲಾಳು ಅವಳ ಗುಟ್ಟು ಹುಡುಕುತ್ತ ಹೊರಟಳು. ಮೂರು ರಾತ್ರಿ, ಹೌದು, ನಮ್ಮ ಮನೆಯ ಮೂರು ರಾತ್ರಿ, ಜೌಗು ನೆಲದಲ್ಲಿ ಅಲೆದಳು, ಎರಡು ಸಲ ಸಾಯುವಷ್ಟು ಏಟು ತಿಂದಳು. ಕೊನೆಗೆ ಅಲ್ಲಿಯ ಒಂದು ಮರದ ಬಳಿ ಪತ್ರವೊಂದು ಸಿಕ್ಕಿತು. ಕಾಘಾ ನೆರಳಿನ ಡ್ರೂಯಿಡರೆಂಬ ದುಷ್ಟರ ಜೊತೆ ಒಳಗೊಳಗೇ ಸೇರಿದ್ದಾಳೆಂಬುದಕ್ಕೆ ಬರವಣಿಗೆಯ ಪುರಾವೆ! ಇಪ್ಪತ್ತು ವರ್ಷ ಫೈಲು ಹೊತ್ತವನು ನಾನು, ಕುರ್ಚಿಯಿಂದ ಎದ್ದೇ ನಿಂತೆ. ಮಧುರವಾಗಿ ಮಾತಾಡಿ ಮಗುವನ್ನು ಬಿಡಿಸಿಕೊಂಡ ನನ್ನ ಗಾಯಕ ಆ ಜೌಗಿನ ಕಡೆ ತಲೆಯನ್ನೇ ಹಾಕಿರಲಿಲ್ಲ. ಅವನ ಕಥೆಯಲ್ಲಿ ಕಾಘಾ ಇನ್ನೂ ಅದೇ ಪೀಠದಲ್ಲಿದ್ದಳು. ಮಗಳು ಪತ್ರವನ್ನು ಎಲ್ಲರೆದುರು ಇಟ್ಟಳು. ಆಗಲೂ ಮಾತು ಗೆಲ್ಲಲಿಲ್ಲ, ಹೊಡೆದಾಟವೇ ಆಯಿತು, ಕೂದಲೆಳೆಯಲ್ಲಿ ಗೆದ್ದಳು. ಗೆದ್ದರೂ ಅರಾಬೆಲ್ಲ ಬರಲಿಲ್ಲ. ಮಗಳು ಕಣ್ಣೊರೆಸಿಕೊಂಡದ್ದನ್ನು ನಾನು ನೋಡದವನಂತೆ ನೀರು ಕುಡಿಯಲು ಎದ್ದೆ.

ಇದಾದ ಮೇಲೆ ಬಂದದ್ದು ನಮ್ಮ ಸಂಘದ ರಾಜ್ಯೋತ್ಸವ. ಕುರ್ಚಿ ಹಾಕಿಸುವುದು, ಊಟದ ಕೂಪನ್ನು, ಲೆಕ್ಕಪತ್ರ, ಇವು ಹದಿನೈದು ವರ್ಷದಿಂದ ನನ್ನ ಪಾಲಿನವು. ನಾಡಗೀತೆಗೆ ಎಲ್ಲರ ಜೊತೆ ದನಿಗೂಡಿಸುತ್ತೇನೆ. ಒಟ್ಟಿಗೆ ಹಾಡುವಾಗ ಉಗ್ಗು ಬರುವುದಿಲ್ಲ, ಉಗ್ಗುವವರಲ್ಲಿ ಬಹುಮಂದಿಗೆ ಹೀಗೆಯೇ. ವಂದನಾರ್ಪಣೆ ಮಾಡಿರೆಂದು ಪ್ರತಿ ವರ್ಷ ಕೇಳುತ್ತಾರೆ, ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತೇನೆ. ಈ ಸಲ ಹೂಂ ಎಂದುಬಿಟ್ಟೆ. ಬರೆದುಕೊಳ್ಳಲು ಕುಳಿತ ಮೇಲೆ ಗೊತ್ತಾಯಿತು, ವಂದನಾರ್ಪಣೆಯೆಂಬುದೇ 'ಕ'ಕಾರದ ಕಾಡು. ಕಾರ್ಯದರ್ಶಿಗಳು, ಕಾರ್ಯಕಾರಿ ಸಮಿತಿ, ಕಲಾವಿದರು, ಕೃತಜ್ಞತೆ, ಕನ್ನಡಾಭಿಮಾನಿಗಳು. ಕಲಾವಿದರನ್ನು ನಟನಟಿಯರೆಂದು, ಕೃತಜ್ಞತೆಯನ್ನು ಧನ್ಯವಾದವೆಂದು ತಿದ್ದುತ್ತ ಹೋದೆ. ನಲವತ್ತು ವರ್ಷದ ಅಭ್ಯಾಸ, ಪೆನ್ನು ತಾನಾಗಿಯೇ ತಿದ್ದುತ್ತಿತ್ತು. ಆಮೇಲೆ ಆ ಹಾಳೆಯನ್ನು ಹರಿದು, ಇದ್ದದ್ದನ್ನು ಇದ್ದ ಹಾಗೆ ಬರೆದೆ.

ನಿಮ್ಮಲ್ಲಿ ಕೆಲವರು ಅಲ್ಲಿಯೇ ಇದ್ದಿರಿ. 'ಕಾರ್ಯಕಾರಿ ಸಮಿತಿ'ಯ ಮುಂದೆ ನಾನು ಎಷ್ಟು ಹೊತ್ತು ನಿಂತೆನೆಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಿಂದಿನ ಸಾಲಿನಲ್ಲಿ ಒಂದು ಹುಡುಗ ನಕ್ಕ, ಯಾರೋ ಅವನನ್ನು ಗದರಿಸಿದರು. ಗದರಿಸದಿದ್ದರೂ ಆಗುತ್ತಿತ್ತು. ಅಡುಗೆ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಮೂರನೆಯ ಸಾಲಿನಲ್ಲಿ ಮಗಳು ಕೈ ಕಟ್ಟಿಕೊಂಡು, ಮನೆಯಲ್ಲಿ ಕಾಯುವ ಹಾಗೆ ಕಾಯುತ್ತಿದ್ದಳು. ಸಮಿತಿ ಕಡೆಗೂ ಹೊರಗೆ ಬಂತು. ಕಲಾವಿದರು ಅದಕ್ಕಿಂತ ಬೇಗ ಬಂದರು. ಕೃತಜ್ಞತೆ ಬರಲೇ ಇಲ್ಲ, ಕೈ ಮುಗಿದೆ.

ಊಟದ ಸಾಲಿನಲ್ಲಿ ಮಗಳು ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

"ಎಷ್ಟು ಬಿತ್ತಪ್ಪಾ?"

"ಒಂಬತ್ತು ಅಂತ ಇಟ್ಕೋ."

"ಎಷ್ಟು ಬೇಕಿತ್ತು?"

"ಹತ್ತು."

ಅಷ್ಟರಲ್ಲಿ ಬಡಿಸುವವರು ಹೋಳಿಗೆ ಮುಗಿಯುತ್ತ ಬಂತೆಂದು ಕೂಗಿದರು. ಕೂಪನ್ನಿನ ಲೆಕ್ಕ ನನ್ನದೇ ಆದ್ದರಿಂದ ತಟ್ಟೆಯನ್ನು ಅವಳ ಕೈಗೆ ಕೊಟ್ಟು ಓಡಿದೆ.