ಮಗಳ ಸೈಕಲ್ಲಿನ ಟ್ಯೂಬ್ ತಗದ್ವಿ

ನಮ್ಮ ಧಾರವಾಡದ ಸುತ್ತ ಜಾಲಿಮುಳ್ಳಿಗೆ ಬರ ಇಲ್ಲ, ನಿಮಗೆಲ್ಲಾ ಗೊತ್ತಿದ್ದದ್ದ. ನುಗ್ಗಿಕೇರಿ ಕಡೆ ಹೊಲದ ದಾರಿ ಹಿಡದ್ರಂತೂ ಕೇಳೋದೇ ಬ್ಯಾಡ. ನನ್ನ ಮಗಳಿಗೆ ಎಮ್‌ಟಿಬಿ, ಅಂದ್ರ ಗುಡ್ಡದಾಗ ಹೊಡಿಯೋ ದಪ್ಪ ಗಾಲಿ ಸೈಕಲ್ ಅಂದ್ರ ಜೀವ. ಮಳಿಗಾಲ ಮುಗದಮ್ಯಾಲ ಒಂದ ತಿಂಗಳದಾಗ ನಾಲ್ಕ ಸಲ ಪಂಚರ್. ನಾಲ್ಕನೇ ಸಲ ಸಂಜಿ ಏಳಾಗಿತ್ತು, ಫೋನಿಗೆ ರೇಂಜ್ ಇಲ್ಲ, ಹುಡುಗಿ ಕತ್ತಲದಾಗ ಸೈಕಲ್ ನೂಕ್ಕೋತ ಮನಿಗೆ ಬಂದ್ಲು. ಅವತ್ತ ಊಟಕ್ಕ ಕೂತಾಗ ನಮ್ಮ ಅತ್ತಿಯವರು ಒಂದ ಮಾತು ಅಂದ್ರು: "ಸೈಕಲ್ ಮಾರಿಬಿಡ್ರಿ. ಹೆಣ್ಣುಹುಡುಗಿ ಹಿಂಗ ಹೊತ್ತಲ್ಲದ ಹೊತ್ತಿನಾಗ ಬರೋದು ಬ್ಯಾಡ."

ಅತ್ತಿಯವರ ಅಂಜಿಕಿ ಸುಳ್ಳಲ್ಲ. ಆದ್ರ ತಪ್ಪು ಮುಳ್ಳಿಂದು, ಹುಡುಗಿದಲ್ಲ. ಅಕಿ ತಿರುಗಾಟ ಬಂದ್ ಮಾಡೋಕಿಂತ ಪಂಚರ್ ಬಂದ್ ಮಾಡೋಣು, ಅಂದೆ ನಾ.

ನಮ್ಮ ಸ್ಕೂಟಿ ಟೈರಿಗೆ ಟ್ಯೂಬ್ ಇರೂದಿಲ್ಲಲ್ಲಾ, ಸೈಕಲ್ಲಿಗೂ ಹಂಗ ಮಾಡ್ಲಿಕ್ಕೆ ಬರ್ತದ. 1999ರಾಗ ಮಾವಿಕ್, ಹಚಿನ್ಸನ್, ಮಿಶೆಲಿನ್ ಕಂಪನಿಗಳು ಕೂಡಿ ಗುಡ್ಡದ ಸೈಕಲ್ಲಿಗೆ ಇದನ್ನ ತಂದಿದ್ರಂತ. ಟ್ಯೂಬಿನ ಬದ್ಲಿ ಟೈರಿನೊಳಗ ಸೀಲೆಂಟ್ ಅನ್ನೋ ಬೆಳ್ಳನ್ನ ರಬ್ಬರ್ ಹಾಲು ಹಾಕ್ತಾರ. ಮುಳ್ಳು ಚುಚ್ಚಿತು ಅಂದ್ರ ಹವಾದ ಜೊತಿ ಈ ಹಾಲೂ ತೂತಿಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟತದ.

ಮೊದಲ ನೋಡಬೇಕಾದ್ದು, ಟೈರಿನ ಮ್ಯಾಲೂ ರಿಮ್ಮಿನ ಮ್ಯಾಲೂ "ಟ್ಯೂಬ್‌ಲೆಸ್ ರೆಡಿ" ಅಂತ ಬರದದೋ ಇಲ್ಲೋ. ಬರದಿಲ್ಲಾಂದ್ರ ಈ ಉಸಾಬರಿಗೆ ಹೋಗಬ್ಯಾಡ್ರಿ, ತಿರುವಿನಾಗ ಟೈರು ರಿಮ್ ಬಿಟ್ಟು ಹಾರಬಹುದು. ನಮ್ಮ ಪುಣ್ಯಾಕ್ಕ ಎರಡರ ಮ್ಯಾಲೂ ಬರದಿತ್ತು. ಬೇಕಾದ ಸಾಮಾನು: ರಿಮ್ ಟೇಪು, ಎರಡು ಟ್ಯೂಬ್‌ಲೆಸ್ ವಾಲ್ವು, ಸೀಲೆಂಟ್ ಬಾಟ್ಲಿ. ಟೇಪು ರಿಮ್ಮಿನ ಒಳಗಿನ ಅಗಲಕ್ಕಿಂತ ಎರಡ-ಮೂರು ಮಿಲಿಮೀಟರ್ ಹೆಚ್ಚಿರಬೇಕು. ನಮ್ಮದು 25, ತಂದದ್ದು 28.

ರವಿವಾರ ಹಿತ್ತಲದಾಗ ಹಳೇ ಸೀರಿ ಹಾಸಿ ಕೂತ್ವಿ. ಸೀಲೆಂಟ್ ಅರಿವಿಗೆ ಹತ್ತಿ ಒಣಗಿತಂದ್ರ ಹೋಗೂದಿಲ್ಲ, ಛಲೋ ಅರಿವಿ ಹಾಕ್ಕೊಂಡು ಕೂಡಬ್ಯಾಡ್ರಿ. ಟ್ಯೂಬ್ ತಗದು, ರಿಮ್ಮಿನ ಒಳಗ ಸ್ಪಿರಿಟ್ ಹಚ್ಚಿ ಒರಸಿದ್ವಿ. ಜಿಡ್ಡು ಇದ್ರ ಟೇಪು ಹಿಡಿಯೂದಿಲ್ಲ. ಆಮ್ಯಾಲ ಟೇಪು ಜಗ್ಗಿ ಹಿಡಕೊಂಡು ಕಡ್ಡಿ ತೂತೆಲ್ಲಾ ಮುಚ್ಚೂಹಂಗ ಸುತ್ತಿದ್ವಿ. ಅಕಿ ಜಗ್ಗೋದು, ನಾ ಹೆಬ್ಬೆಟ್ಟಿಲೆ ಒತ್ತೋದು. ಕರ್ಜಿಕಾಯಿ ಅಂಚು ಒತ್ತೂಹಂಗ, ಒಂದ ಕಡೆ ಸಡ್ಲ ಬಿಟ್ರೂ ಅಲ್ಲಿಂದನ ಹೊರಗ ಬರ್ತದ. ವಾಲ್ವಿನ ಜಾಗಾದಾಗ ಸಣ್ಣ ತೂತು ಮಾಡಿ ವಾಲ್ವು ತೂರಿಸಿ ನಟ್ ಬಿಗದ್ವಿ.

ಖರೆ ಕೆಲಸ ಇದ್ದದ್ದು ಮುಂದ. ಟೈರಿನ ಅಂಚು ರಿಮ್ಮಿಗೆ ಗಪ್ಪನ ಕೂಡಬೇಕಂದ್ರ ಹವಾ ಒಮ್ಮೆಲೆ ನುಗ್ಗಬೇಕು. ನಮ್ಮ ಪಂಪಿಲೆ ಎಷ್ಟು ಹೊಡದ್ರೂ ಒಂದ ಕಡೆಯಿಂದ ಬುಸ್ ಅಂತ ಹೋಗ್ತಿತ್ತು. ಆಮ್ಯಾಲ ಅಂಚಿಗೆಲ್ಲಾ ಸಬಕಾರದ ನೀರು ಹಚ್ಚಿ, ವಾಲ್ವಿನ ಒಳಗಿನ ಪಿನ್ನು ಬಿಚ್ಚಿ ತಗದ್ವಿ. ದಾರಿ ದೊಡ್ಡದಾತಲ್ಲಾ, ಮಗಳು ಜೋರಾಗಿ ಹತ್ತ ಪಂಪ್ ಹೊಡದ್ಲು. ಫಟ್, ಫಟ್ ಅಂತು! ಅತ್ತಿಯವರು "ಏನ ಒಡೀತs?" ಅಂತ ಒಳಗಿಂದ ಓಡಿ ಬಂದ್ರು. ಒಡದದ್ದಲ್ಲ, ಟೈರಿನ ಅಂಚು ಕೂತದ್ದು. ಈ ಸಪ್ಪಳ ಬರಲಿಕ್ಕೇಬೇಕು. ಆದ್ರ ಟೈರು, ರಿಮ್ ಎರಡರ ಮ್ಯಾಲ ಬರದ ಪಿಎಸ್ಐದಾಗ ಯಾವುದು ಕಡಿಮಿನೋ ಅದನ್ನ ದಾಟಬ್ಯಾಡ್ರಿ.

ಹವಾ ಬಿಟ್ಟು, ಬಾಟ್ಲಿ ಛಲೋತ್ನಾಗಿ ಅಲಗಾಡಿಸಿ ಒಂದೊಂದ ಗಾಲಿಗೆ 100 ಎಮ್ಮೆಲ್ ಸೀಲೆಂಟ್ ವಾಲ್ವಿನಿಂದನ ಹಾಕಿದ್ವಿ. ಪಿನ್ನು ತಿರುವಿ ಮತ್ತ ಹವಾ ಹೊಡದು, ಗಾಲಿ ತಿರುಗಿಸಿ, ಆ ಕಡೆ ಈ ಕಡೆ ಅಡ್ಡ ಮಲಗಿಸಿ ಇಟ್ವಿ. ಸಣ್ಣ ಸಣ್ಣ ಗುಳ್ಳಿ ಎದ್ದು ತಾವಾಗೇ ನಿಂತ್ವು. ಮುಂಜಾನೆ ನೋಡಿದ್ರ ಹವಾ ಹಂಗ ಇತ್ತು. ಟ್ಯೂಬ್ ಇದ್ದಾಗ 32 ಪಿಎಸ್ಐ ಹಾಕ್ತಿದ್ಲು. ಈಗ ಮುಂದ 20, ಹಿಂದ 22. ಟ್ಯೂಬ್ ಚಿವುಟೋ ಭಯ ಇಲ್ಲ, ಕಲ್ಲಿನ ಮ್ಯಾಲೂ ಗಾಲಿ ಹಿಡದ ಹೋಗ್ತದ.

ಮೂರು ವಾರದ ಮ್ಯಾಲ ಅದ ದಾರಿಯೊಳಗ ಹಿಂದಿನ ಗಾಲಿಗೆ ಮುಳ್ಳು ಹೊಕ್ತು. ಮುಳ್ಳು ಕಿತ್ತು, ತೂತು ಕೆಳಗ ಬರೂಹಂಗ ಗಾಲಿ ತಿರುಗಿಸಿ ಹಿಡದ್ಲಂತ, ಹಾಲು ಹರದು ಮುಚ್ಚಿಕೊಂತಂತ. ಐದೂವರಿಗೆ ಮನಿಯಾಗಿದ್ಲು. ಅತ್ತಿಯವರಿಗೆ ಆ ಮುಳ್ಳು ತೋರಿಸಿದ್ರ ಕೈಯಾಗ ಹಿಡದು ನೋಡಿ, "ಟಾರ್ಚ್ ಒಂದ ಕೊಡಸ್ರಿ ಅಕಿಗೆ" ಅಂದ್ರು. ಮಾರೋ ಮಾತು ಮತ್ತ ಬಂದಿಲ್ಲ.

ಹಂಗಂತ ಎಲ್ಲಾ ಸೀಲೆಂಟಿಗೇ ಬಿಡಬಾರದು. ಟೈರು ಉದ್ದಕ ಹರೀತಂದ್ರ ಅದು ನಿಲ್ಲಿಸೂದಿಲ್ಲ, ಅದಕ್ಕ ಚೀಲದಾಗ ಒಂದ ಟ್ಯೂಬು, ಸಣ್ಣ ಪಂಪು ಇದ್ದ ಇರ್ತದ. ಹಾಕೋದು ಅಕಿಗೆ ಬರ್ತದ. ಮತ್ತ ನಮ್ಮ ಬಿಸಲಿಗೆ ಸೀಲೆಂಟ್ ಲಗೂ ಒಣಗತದ, ಎರಡ-ಮೂರು ತಿಂಗಳಿಗೊಮ್ಮೆ ನೋಡಿ ಹಾಕಬೇಕು. ಅಡಗಿಮನಿ ಕ್ಯಾಲೆಂಡರದಾಗ ಗ್ಯಾಸ್ ಹಚ್ಚಿದ ತಾರೀಖಿನ ಬಾಜೂಕ ಅದನ್ನೂ ಬರದಿಟ್ಟೇನಿ.

ಟೇಪು ಇನ್ನೂ ಅರ್ಧಾ ಸುತ್ತು ಉಳದದ. ಯಾರ ಮನಿಯಾಗ ಇಂಥಾ ಸೈಕಲ್ ಅದನೋ, ರವಿವಾರ ಗಾಲಿ ತಗೊಂಡು ಬರ್ರಿ. ಹಳೇ ಸೀರಿ ಮಾತ್ರ ನಿಮ್ಮದ ತರ್ರಿ.