ಬೀದರಿನ ಗ್ರೀಕ್ ಪಾಠ

ಗ್ರೀಕ್ ವಿದ್ಯೆ ನಮ್ಮ ಸೀಮೆಗೆ ಇಂಗ್ಲಿಷಿನ ಬೆನ್ನುಹತ್ತಿ ಬಂತೆಂದು ಇಲ್ಲಿ ಕಾಲೇಜು ಕಲಿತವರೆಲ್ಲ ನಂಬಿದ್ದೇವೆ. ಬೀದರಿನ ಹಳೇ ಶಹರದ ಚೌಬಾರಾದಿಂದ ಕೋಟೆಗೆ ಹೋಗುವ ದಾರಿಯಲ್ಲಿರುವ ಮಹಮೂದ್ ಗವಾನ್ ಮದರಸಾ ಈ ನಂಬಿಕೆಯನ್ನು ಅಲ್ಲಗಳೆಯುತ್ತದೆ. ಬಹಮನಿ ಮಂತ್ರಿ ಗವಾನ್ ಕಟ್ಟಿಸಿ 1472ರಲ್ಲಿ ಮುಗಿದ ಕಟ್ಟಡ ಅದು. 1696ರಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಒಂದು ಭಾಗ ನೆಲಸಮವಾಯಿತು. ಉಳಿದ ಒಂಟಿ ಮಿನಾರಿನ ಮೈಮೇಲೆ ನೀಲಿ, ಬಿಳಿ, ಹಳದಿ ಬಿಲ್ಲೆಗಳು ಇಂದಿಗೂ ಅಂಕುಡೊಂಕಾಗಿ ಮೇಲೇರುತ್ತವೆ. ಗವಾನನಿಗಿಂತ ಮೊದಲೇ, ಬಹಮನಿಗಳ ರಾಜಧಾನಿ ಕಲಬುರಗಿಯಲ್ಲಿದ್ದಾಗ, ಸುಲ್ತಾನ ಫಿರೋಜ್ ಶಹಾ ತಾನೇ ಕುಳಿತು ರೇಖಾಗಣಿತದ ಪಾಠ ಹೇಳುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಆ ಪಾಠದ ಮೂಲ ಯೂಕ್ಲಿಡ್. ಗವಾನ್ ಪತ್ರವ್ಯವಹಾರ ಇಟ್ಟುಕೊಂಡಿದ್ದ ಇರಾನಿನ ಜಲಾಲುದ್ದೀನ್ ದವ್ವಾನಿಯ ನೀತಿಶಾಸ್ತ್ರದ ಬೇರು ಅರಿಸ್ಟಾಟಲನಲ್ಲಿದೆ. ಆ ಕಾಲದ ಮದರಸಾ ವಿದ್ಯೆಯಲ್ಲಿ ತರ್ಕಕ್ಕೆ ಅರಿಸ್ಟಾಟಲ್, ವೈದ್ಯಕ್ಕೆ ಗ್ಯಾಲೆನ್, ಖಗೋಳಕ್ಕೆ ಟಾಲೆಮಿ ಆಧಾರ, ಎಲ್ಲವೂ ಅರಬ್ಬಿಯ ಮೂಲಕ.

ಇದು ಅರ್ಧ ಗ್ರೀಸ್ ಮಾತ್ರ ಎಂದು ಆಕ್ಷೇಪಿಸುವವರ ಮಾತು ಸರಿ. ಬಾಗ್ದಾದಿನ ಅನುವಾದಕರು ಅರಬ್ಬಿಗೆ ಶಾಸ್ತ್ರಗಳನ್ನು ತಂದರು, ಸೊಫೊಕ್ಲಿಸನನ್ನು ತರಲಿಲ್ಲ. ರೋಮಿನ ಕವಿಗಳಂತೂ ಅವರ ಕಣ್ಣಿಗೇ ಬೀಳಲಿಲ್ಲ. ನಾಟಕದ ರೂಢಿಯೇ ಇಲ್ಲದ ಕಡೆ ಕುಳಿತು ಅರಿಸ್ಟಾಟಲನ ಕಾವ್ಯಮೀಮಾಂಸೆ ಓದಿದ ಇಬ್ನ್ ರುಶ್ದನಂಥ ಮಹಾಪಂಡಿತನೂ ದುರಂತ ನಾಟಕವೆಂದರೆ ಹೊಗಳಿಕೆಯ ಕಾವ್ಯ ಎಂದು ತಿಳಿದ. ಆ ಕೊರತೆ ತುಂಬಿದ್ದು ಕನ್ನಡ. ಸೊಫೊಕ್ಲಿಸನ ಏಜಾಕ್ಸನ ಸಿಟ್ಟು ಬಿಎಂಶ್ರೀಯವರ ಕೈಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಆಯಿತು. 1935ರಲ್ಲಿ ಎಸ್ಕಿಲಸ್ ‘ಪಾರಸಿಕರು’ ಆಗಿ ಬಂದ. ಆಮೇಲೆ ಲಂಕೇಶರ ಈಡಿಪಸ್, ಅಂತಿಗೊನೆ. ಮದರಸಾ ಬಿಟ್ಟದ್ದನ್ನು ಕನ್ನಡ ತಂದಿತು. ಈ ಎರಡೂ ಭಾಗಗಳನ್ನು ತನ್ನದೆನ್ನುವ ಹಕ್ಕು ಬೀದರಿನ ವಿದ್ಯಾರ್ಥಿಗೆ ಇರುವಷ್ಟು ಕನ್ನಡ ನಾಡಿನಲ್ಲಿ ಬೇರೆ ಯಾರಿಗೂ ಇರಲಾರದು.

ಆದರೆ ನಾವು ಕಂಡ ಕಾಲದಲ್ಲಿ ಆದದ್ದೇನು? ನಿಜಾಮರ ಆಳ್ವಿಕೆಯಲ್ಲಿ ಕಾಲೇಜೆಂದರೆ ಹೈದರಾಬಾದು, ಪಾಠವೆಂದರೆ ಉರ್ದು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಷ್ಟದಿಂದ ಈ ಗಡಿಯಲ್ಲಿ ಕನ್ನಡ ಉಳಿಯಿತು. 1956ರ ನಂತರ ಕಾಲೇಜುಗಳು ಬೀದರಿಗೆ, ಭಾಲ್ಕಿಗೆ, ಔರಾದಿಗೂ ಬಂದವು. ಪ್ಲೇಟೋ, ಅರಿಸ್ಟಾಟಲರೂ ಜೊತೆಗೆ ಬಂದರು, ಕನ್ನಡದಲ್ಲೇ ಬಂದರು. ಇದು ಸಣ್ಣ ಸಂಗತಿಯಲ್ಲ. ಆದರೆ ಒಬ್ಬನೇ ಅರಿಸ್ಟಾಟಲ್ ವಿಭಾಗಗಳ ನಡುವೆ ಹರಿದು ಹಂಚಿಹೋದ. ರಾಜ್ಯಶಾಸ್ತ್ರದಲ್ಲಿ ಗುಲಾಮಗಿರಿಯ ಸಮರ್ಥಕ, ಐಚ್ಛಿಕ ಕನ್ನಡದಲ್ಲಿ ‘ಕಥಾರ್ಸಿಸ್’ ಎಂಬ ಟಿಪ್ಪಣಿ, ಇತಿಹಾಸದಲ್ಲಿ ಅಲೆಕ್ಸಾಂಡರನ ಗುರು. ಸೆಮಿಸ್ಟರ್ ಪದ್ಧತಿ ಬಂದಮೇಲೆ ಗ್ರಂಥ ಪೂರ್ತಿ ಹಿಂದೆ ಸರಿದು ಗೈಡು ಮುಂದೆ ಬಂತು.

ಔರಾದಿನ ಹುಡುಗರಿಗೆ ನೌಕರಿ ಬೇಕು, ಗ್ರೀಸ್ ಯಾಕೆ ಎನ್ನುವವರಿದ್ದಾರೆ. ಮಳೆ ನಂಬಿದ ತಾಲೂಕು, ಮನೆಯಲ್ಲಿ ಮರಾಠಿ ಇಲ್ಲವೇ ಲಂಬಾಣಿ, ಕಣ್ಣೆದುರು ಪಿಎಸ್ಐ ಪರೀಕ್ಷೆ: ಈ ಒತ್ತಡ ನಿಜವಾದದ್ದು. ಆದರೆ ಪ್ಲೇಟೋ ಈಗಾಗಲೇ ಅವರ ಪಠ್ಯದಲ್ಲಿದ್ದಾನೆ. ಅವನಿಗೆ ಕೊಡುವ ಅದೇ ವೇಳೆಯಲ್ಲಿ ಸಾರಾಂಶ ಉರುಹಚ್ಚುವ ಬದಲು ಹತ್ತು ಪುಟ ಮೂಲವನ್ನು ಓದಬಹುದು. ವಚನ ಇರುವಾಗ ಇವೆಲ್ಲ ಯಾಕೆ ಎಂಬ ಮಾತಿನಲ್ಲಿ ಅಭಿಮಾನವಿದೆ, ಅದನ್ನು ಗೌರವಿಸುತ್ತೇನೆ. ಆದರೂ ವಚನಕ್ಕೆ ಎದುರಾಳಿಯೇ ಇಲ್ಲದಂತೆ ಓದಿಸಿದರೆ ಅದರ ಬಲ ತಿಳಿಯುವುದಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರೆಂದು ‘ಪಾಲಿಟಿಕ್ಸ್’ನ ಮೊದಲ ಭಾಗದಲ್ಲೇ ಅರಿಸ್ಟಾಟಲ್ ವಾದ ಹೂಡುತ್ತಾನೆ. ಹುಟ್ಟನ್ನೇ ಪ್ರಶ್ನಿಸಿದ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರ ಕಲ್ಯಾಣ ಇದೇ ಜಿಲ್ಲೆಯದು. ಆ ಮೊದಲ ಭಾಗವನ್ನೂ ಅವರ ವಚನಗಳನ್ನೂ ಒಂದೇ ಸೆಮಿಸ್ಟರಿನಲ್ಲಿ ಎದುರುಬದುರು ಇಟ್ಟು, ರಾಜಾಜ್ಞೆ ಮೀರಿದ ಅಂತಿಗೊನೆಯನ್ನು ಪೂರ್ತಿ ಓದಿಸಲು ಹೊಸ ವಿಭಾಗ ಬೇಕಿಲ್ಲ. ಭಾಲ್ಕಿಯಲ್ಲಾಗಲಿ ಔರಾದಿನಲ್ಲಾಗಲಿ ಕನ್ನಡದ ಮೇಷ್ಟ್ರು, ರಾಜ್ಯಶಾಸ್ತ್ರದ ಮೇಷ್ಟ್ರು ಇಬ್ಬರೂ ಸೇರಿ ಒಂದೇ ಕ್ಲಾಸು ತಗೊಂಡರೆ ಸಾಕು.