ನಾಳೆ ಸಂಜೆಗೆ ಆರು ತಂತಿ

ಟಪ್!

ಮುಂಗೈ ಮೇಲೆ ಸುರ್ರೆಂದು ಉರಿ. ಕಣ್ಣು ತಾನಾಗಿ ಮುಚ್ಚಿಕೊಂಡಿದೆ. ಬಿಟ್ಟು ನೋಡಿದರೆ ಗಿಟಾರಿನ ಒಂದನೇ ತಂತಿ ಬ್ರಿಡ್ಜ್ ಹತ್ತಿರ ತುಂಡಾಗಿ, ತುದಿ ಸುರುಳಿ ಸುತ್ತಿಕೊಂಡು ಅಲುಗುತ್ತಿದೆ. ಕೈ ಮೇಲೆ ಕೆಂಪಗೆ ಒಂದು ಗೆರೆ. ತಂತಿ ಇನ್ನೊಂದು ಅಡಿ ಮೇಲಕ್ಕೆ ಚಿಮ್ಮಿದ್ದರೆ ಅದೇ ಗೆರೆ ಕಣ್ಣಿನ ರೆಪ್ಪೆ ಮೇಲೆ ಬೀಳುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿದೆ.

ಮೈಸೂರು, ಸರಸ್ವತಿಪುರಂನ ಮಹಡಿ ಕೋಣೆ. ಸಂಜೆ ಆರೂವರೆ. ಮಳೆ ಈಗಷ್ಟೇ ನಿಂತಿದೆ. ಕಿಟಕಿಯಿಂದ ಒದ್ದೆ ಮಣ್ಣಿನ ವಾಸನೆ ಒಳಗೆ ಬರುತ್ತಿದೆ. ನಾಳೆ ಸಂಜೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ. ದಸರೆಗೆ ಮುಂಚಿನ ಆ ವೇದಿಕೆಯಲ್ಲಿ ನಿಮ್ಮ ಕಾಲೇಜಿನ ತಂಡಕ್ಕೂ ಒಂದು ಹಾಡಿನ ಅವಕಾಶ ಸಿಕ್ಕಿದೆ. ಹಾಡು ಶುರುವಾಗುವುದೇ ನಿಮ್ಮ ಗಿಟಾರಿನಿಂದ. ಮೊದಲ ಸಾಲು ಬರುವ ತನಕ ವೇದಿಕೆ ಮೇಲೆ ಬೇರೆ ಯಾವ ವಾದ್ಯದ ಸದ್ದೂ ಇಲ್ಲ.

ಗಿಟಾರ್ ಸೋದರಮಾವನದು. ಅವರು ಕಾಲೇಜಿನಲ್ಲಿದ್ದಾಗ ಕೊಂಡದ್ದು. ಉಳಿದ ಐದು ತಂತಿಗಳ ಕೆಳಗೆ ಬೆರಳಿಟ್ಟು ಉದ್ದಕ್ಕೂ ಎಳೆಯುತ್ತೀರಿ. ತುದಿಗೆ ಕಂದು ಬಣ್ಣದ ಕೊಳೆ ಮೆತ್ತಿಕೊಳ್ಳುತ್ತದೆ, ಮೂಗಿನ ಹತ್ತಿರ ತಂದರೆ ಹಳೆಯ ನಾಣ್ಯದ ವಾಸನೆ. ಎರಡನೇ ತಂತಿಯ ಅಡಿಯಲ್ಲಿ ತುಕ್ಕು ಚುಚ್ಚುತ್ತದೆ. ಒಂದೇ ತಂತಿ ಬದಲಿಸಿದರೆ ಸಾಕಲ್ಲವೇ ಎಂದು ಒಂದು ಮನಸ್ಸು. ಆದರೆ ಹೊಸ ತಂತಿಯೊಂದು ಮಾತ್ರ ಕಿರುಚುತ್ತದೆ, ಹಳೆಯ ಐದೂ ಗೊಣಗುತ್ತವೆ. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದು: ಇಂದು ಒಂದನೆಯದು ಹೋಯಿತು, ನಾಳೆ ವೇದಿಕೆ ಮೇಲೆ ಎರಡನೆಯದು ಹೋದರೆ?

ಫೋನ್ ಬಡಿದುಕೊಳ್ಳುತ್ತದೆ. ತಂಡದ ಗೆಳೆಯ. "ಹನ್ನೆರಡರ ಸೆಟ್ ಹಾಕ್ಸ್‌ಬಿಡು. ದಪ್ಪ ಇದ್ರೇನೆ ಸೌಂಡ್. ಬಯಲಲ್ಲಿ ಕೇಳ್ಬೇಕಲ್ವಾ?"

ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಆಟೊ ಹತ್ತುತ್ತೀರಿ. ರಾಮಸ್ವಾಮಿ ವೃತ್ತದಲ್ಲಿ ಸಿಗ್ನಲ್ ಬಿದ್ದಿದೆ. ಮಂಡಿಗಳ ನಡುವೆ ಗಿಟಾರಿನ ಕತ್ತು. ಆಟೊ ಗುಂಡಿಗೆ ಇಳಿದಾಗಲೆಲ್ಲ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುತ್ತೀರಿ. ಸಯ್ಯಾಜಿರಾವ್ ರಸ್ತೆಯಲ್ಲಿ ದೀಪಾಲಂಕಾರದ ಕೆಲಸ ನಡೆದಿದೆ, ಏಣಿಗಳು ಅರ್ಧ ರಸ್ತೆ ತಿಂದಿವೆ. ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ಮಲ್ಲಿಗೆ, ಮಾಗಿದ ಬಾಳೆಹಣ್ಣು, ಒದ್ದೆ ಗೋಣಿಚೀಲದ ವಾಸನೆ ಒಟ್ಟಿಗೆ ಮುಖಕ್ಕೆ ಬಡಿಯುತ್ತವೆ. ಅಡ್ಡರಸ್ತೆಯ ವಾದ್ಯದಂಗಡಿ ಇನ್ನೂ ತೆರೆದಿದೆ. ಉಸಿರು ಹಗುರಾಗುತ್ತದೆ.

ಒಳಗೆ ಒಂದೇ ಟ್ಯೂಬ್‌ಲೈಟ್. ಗೋಡೆ ತುಂಬ ತಬಲಾ, ಹಾರ್ಮೋನಿಯಂ, ಮೂರು ನಾಲ್ಕು ಗಿಟಾರ್. ಮೂಲೆಯಲ್ಲಿ ಬಟ್ಟೆ ಹೊದ್ದ ವೀಣೆ. ಮೇಣ, ಅರಗು, ಮರದ ಪುಡಿಯ ವಾಸನೆ. ವೀಣೆ ಶೇಷಣ್ಣನವರು ನುಡಿಸಿದ ಊರಿದು. ಇಲ್ಲಿ ಹಳೆಯ ವಾದ್ಯದಂಗಡಿಗೆ ಹೋದರೆ ಗಿಟಾರಿನ ಕಾಯಿಲೆಯನ್ನೂ ವೀಣೆಯ ವೈದ್ಯರೇ ನೋಡುವುದುಂಟು, ಮತ್ತು ನನ್ನ ಪ್ರಕಾರ ಅದು ಗಿಟಾರಿನ ಪುಣ್ಯ. ತಂತಿ ಎಳೆದರೆ ಮರ ಹೇಗೆ ಬಾಗುತ್ತದೆ ಎಂಬುದನ್ನು ಬೆರಳಲ್ಲೇ ಬಲ್ಲವರು ಅವರು.

"ಏನ್ ಮರಿ, ಹರ್‍ಕೊಂಡ್ ಬಂದ್ಯಾ?" ಹಿರಿಯರು ಕನ್ನಡಕದ ಮೇಲಿಂದ ನೋಡುತ್ತಾರೆ.

"ಹೌದು ಅಂಕಲ್. ನಾಳೆ ಪ್ರೋಗ್ರಾಂ."

"ನಾಳೆ ಇಟ್ಕೊಂಡು ಇವತ್ತು ಬರ್ತೀಯಲ್ಲ! ಹೊಸ ತಂತಿ ಶ್ರುತೀಲಿ ನಿಲ್ಲಕ್ಕೆ ಎರಡು ದಿನ ಬೇಕು. ಕೊಡು, ನೋಡೋಣ."

ಅವರು ಗಿಟಾರನ್ನು ಮಡಿಲಲ್ಲಿ ಮಲಗಿಸಿಕೊಳ್ಳುತ್ತಾರೆ. ಮೊದಲು ನೋಡುವುದು ಬ್ರಿಡ್ಜನ್ನು. ಆರು ಪಿನ್‌ಗಳ ಮೇಲೆ ಹೆಬ್ಬೆರಳು ಆಡಿಸಿ ತಲೆಯಾಡಿಸುತ್ತಾರೆ. ಪಿನ್ ಇದೆ ಎಂದರೆ ಉಕ್ಕಿನ ತಂತಿಯ ಗಿಟಾರ್. ಪಿನ್ ಬದಲು ತಂತಿಯನ್ನು ಗಂಟು ಹಾಕುವ ಬ್ರಿಡ್ಜ್ ಆಗಿದ್ದರೆ ಅದು ನೈಲಾನಿನ ಕ್ಲಾಸಿಕಲ್ ಗಿಟಾರ್. ಹಿಂದೆ ಅದಕ್ಕೆ ಪ್ರಾಣಿಗಳ ಕರುಳಿನ ತಂತಿ ಹಾಕುತ್ತಿದ್ದರು. 1940ರ ದಶಕದಲ್ಲಿ ಸ್ಪೇನಿನ ಗಿಟಾರ್ ವಾದಕ ಸೆಗೋವಿಯ ಮತ್ತು ನ್ಯೂಯಾರ್ಕಿನ ವಾದ್ಯ ತಯಾರಕ ಆಲ್ಬರ್ಟ್ ಅಗಸ್ಟೀನ್ ಸೇರಿ ನೈಲಾನನ್ನು ಬಳಕೆಗೆ ತಂದರು. ನೈಲಾನಿನ ಆರು ತಂತಿ ಸೇರಿ ಮರವನ್ನು ಎಳೆಯುವುದು ಸುಮಾರು 40 ಕಿಲೋ ಭಾರದಷ್ಟು. ಉಕ್ಕಿನ ಹನ್ನೆರಡರ ಸೆಟ್ ಎಳೆಯುವುದು 70 ಕಿಲೋಗೂ ಮೇಲೆ. ನೈಲಾನಿನ ಗಿಟಾರಿಗೆ ಉಕ್ಕು ಬಿಗಿದರೆ ಬ್ರಿಡ್ಜ್ ಕಿತ್ತು ಬರುತ್ತದೆ. ಹಾಗೆ ಹಾಳಾದ ಗಿಟಾರುಗಳು ಲೆಕ್ಕವಿಲ್ಲದಷ್ಟು.

ನಿಮ್ಮ ಕೈ ಗಾಜಿನ ಪೆಟ್ಟಿಗೆ ಮೇಲೆ ನೇತುಬಿದ್ದಿರುವ ಹೊಳೆಯುವ ಪ್ಯಾಕೆಟ್ ಕಡೆ ಹೋಗುತ್ತದೆ. "ಅದು ಎಲೆಕ್ಟ್ರಿಕ್‌ದು, ಬಿಡು," ಎನ್ನುತ್ತಾರೆ. ಅದರ ದಪ್ಪ ತಂತಿಗಳ ಸುತ್ತು ನಿಕ್ಕಲ್ ಲೇಪದ ಉಕ್ಕಿನದು, ಪಿಕಪ್ಪಿನ ಅಯಸ್ಕಾಂತಕ್ಕಾಗಿ ಮಾಡಿದ್ದು. ಮರದ ಹೊಟ್ಟೆಯಲ್ಲಿ ಅದರ ದನಿ ಮಂಕು.

ಈಗ ಮೇಜಿನ ಮೇಲೆ ಎರಡು ಬಗೆಯ ಪ್ಯಾಕೆಟ್. ಒಂದರ ಮೇಲೆ 80/20 ಬ್ರಾಂಜ್ ಎಂದಿದೆ: 80 ಪಾಲು ತಾಮ್ರ, 20 ಪಾಲು ಸತು. ಹೆಸರಿಗೆ ಕಂಚು, ನಿಜಕ್ಕೆ ಹಿತ್ತಾಳೆ. ಇನ್ನೊಂದು ಫಾಸ್ಫರ್ ಬ್ರಾಂಜ್: ತಾಮ್ರದ ಜೊತೆ ತವರ, ಚೂರು ರಂಜಕ, 1974ರಲ್ಲಿ ಡಿ'ಅಡಾರಿಯೊ ಕಂಪನಿ ಗಿಟಾರಿಗೆ ತಂದದ್ದು. ಹಿರಿಯರು ವಿವರಿಸಲು ಹೋಗುವುದಿಲ್ಲ. ಗೋಡೆಯಿಂದ ಒಂದು ಗಿಟಾರ್ ಇಳಿಸಿ, "ಕಣ್ ಮುಚ್ಕೊ" ಎಂದು ಒಮ್ಮೆ ಮೀಟುತ್ತಾರೆ. ಝಲ್ಲೆಂದು ಗಾಜಿನಂಥ ಸದ್ದು, ಹಲ್ಲಿನ ಬುಡಕ್ಕೆ ತಾಗುತ್ತದೆ. ಅದು 80/20. ಇನ್ನೊಂದನ್ನು ಇಳಿಸಿ ಅದೇ ಸ್ವರಗುಚ್ಛ ಮೀಟುತ್ತಾರೆ. ಈ ಸಲ ಸದ್ದು ಎದೆಯ ಮಟ್ಟದಲ್ಲಿ ಹರಡಿಕೊಳ್ಳುತ್ತದೆ, ನಿಧಾನಕ್ಕೆ ಇಳಿಯುತ್ತದೆ. ನಿಮ್ಮ ತಂಡದ ಹಾಡುಗಾತಿಯ ದನಿ ತೆಳು, ಎತ್ತರ. ಗಾಜಿನ ಸದ್ದು ಅವಳ ದನಿಯ ಮೇಲೇ ಹೋಗಿ ಕೂರುತ್ತದೆ. ಎರಡನೆಯದು ಅದರ ಕೆಳಗೆ ಜಮಖಾನದಂತೆ ಹಾಸಿಕೊಳ್ಳುತ್ತದೆ. ಫಾಸ್ಫರ್ ಬ್ರಾಂಜ್ ಎಂದು ಬೆರಳು ತೋರಿಸುತ್ತೀರಿ. ಈ ಇಡೀ ವ್ಯತ್ಯಾಸ ಸುತ್ತು ಹಾಕಿದ ನಾಲ್ಕು ದಪ್ಪ ತಂತಿಗಳದ್ದು ಮಾತ್ರ. ಉಳಿದ ಎರಡು ತೆಳು ತಂತಿ ಎರಡೂ ಪ್ಯಾಕೆಟ್ಟಿನಲ್ಲಿ ಬರಿಯ ಉಕ್ಕೇ.

ಉಳಿದದ್ದು ದಪ್ಪ. ಇಲ್ಲೇ ನಿಜವಾದ ಆಯ್ಕೆ.

"ಹನ್ನೆರಡು ಕೊಡಿ ಅಂಕಲ್."

ಅವರು ಉತ್ತರಿಸುವುದಿಲ್ಲ. ತುಂಡಾದ ತಂತಿಯನ್ನು ಸ್ಕ್ರೂ ಗೇಜಿನ ಬಾಯಿಗಿಟ್ಟು ತಿರುಪುತ್ತಾರೆ. 0.30 ಮಿಲಿಮೀಟರ್. ಇಂಚಿನ ಸಾವಿರ ಪಾಲಿನಲ್ಲಿ ಹನ್ನೆರಡು; ಸೆಟ್ಟಿಗೆ ಹೆಸರು ಬರುವುದು ಒಂದನೇ ತಂತಿಯ ಈ ದಪ್ಪದಿಂದಲೇ. ಇಷ್ಟು ವರ್ಷ ಈ ಗಿಟಾರಿನ ಮೇಲೆ ಇದ್ದದ್ದೂ ಹನ್ನೆರಡೇ! ಆಮೇಲೆ ಮೇಜಿನ ಡ್ರಾಯರಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು, ಬ್ರಿಡ್ಜಿನ ಹಿಂಬದಿಯ ಅಂಚಿಗೆ ಹಿಡಿದು ಮೆಲ್ಲಗೆ ತಳ್ಳುತ್ತಾರೆ. ಮರಕ್ಕೆ ಮರ ಅಂಟಿರಬೇಕಾದ ಜಾಗ ಅದು. ಕಾರ್ಡಿನ ಮೂಲೆ ಒಳಕ್ಕೆ ಸರಿಯುತ್ತದೆ. ಇನ್ನೂ ಸ್ವಲ್ಪ ಸರಿಯುತ್ತದೆ. ನಿಮ್ಮ ಹೊಟ್ಟೆಯಲ್ಲಿ ಏನೋ ಕುಸಿದಂತಾಗುತ್ತದೆ. ಬ್ರಿಡ್ಜಿನ ಹಿಂದೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ತೋರಿಸುತ್ತಾರೆ. ನಡುವೆ ಹಲಗೆ ಉಬ್ಬಿದೆ, ಸ್ಕೇಲಿನ ಎರಡು ತುದಿಯಲ್ಲೂ ಬೆಳಕು ಕಾಣುತ್ತದೆ.

"ಇದಕ್ಕೆ ಮತ್ತೆ ಹನ್ನೆರಡು ಬಿಗಿದ್ರೆ ನಾಳೆ ಸ್ಟೇಜ್ ಮೇಲೆ ಬ್ರಿಡ್ಜ್ ಕಿತ್ಕೊಂಡ್ ಕೈಗೆ ಬರುತ್ತೆ."

ಲೆಕ್ಕ ಸರಳ, ಆದರೆ ಕ್ರೂರ. ಉದ್ದವೂ ಸ್ವರವೂ ಅದೇ ಇದ್ದರೆ ತಂತಿಯ ಬಿಗಿ ಅದರ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹತ್ತರಿಂದ ಹನ್ನೆರಡಕ್ಕೆ ಹೋದರೆ ದಪ್ಪ ಹೆಚ್ಚುವುದು ಶೇ 20, ಬಿಗಿ ಹೆಚ್ಚುವುದು ಶೇ 44. ಒಂದನೇ ತಂತಿಯೊಂದೇ ಹತ್ತರದ್ದಾದರೆ ಏಳು ಕಿಲೋ ಚಿಲ್ಲರೆ ಎಳೆಯುತ್ತದೆ, ಹನ್ನೆರಡರದ್ದಾದರೆ ಹತ್ತು ಕಿಲೋಗೂ ಮೇಲೆ. ಹಗಲೂ ರಾತ್ರಿ, ನೀವು ನುಡಿಸದಿದ್ದರೂ.

"ಆದ್ರೆ ಬಯಲು ಅಂಕಲ್. ಕೇಳಬೇಕಲ್ಲ."

ಈ ಚಿಂತೆ ನಿಮಗಿಂತ ಮುಂಚೆ ಈ ಊರಿನಲ್ಲಿ ಇನ್ನೊಬ್ಬರಿಗೂ ಬಂದಿತ್ತು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಟಿ. ಚೌಡಯ್ಯನವರು ಇಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು, ದೊಡ್ಡ ಕಂಠದ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿದ್ದರು. ಆಗ ಸಭೆಗಳಲ್ಲಿ ಮೈಕ್ ಇಲ್ಲ; ಹಿಂದಿನ ಸಾಲಿಗೆ ಪಿಟೀಲಿನ ದನಿ ಮುಟ್ಟುತ್ತಿರಲಿಲ್ಲ. ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ದನಿ ದಪ್ಪಗಾಯಿತು, ದೂರಕ್ಕೆ ಹೋಯಿತು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ನಿಂತಿದೆ. ಅವರು ತಂತಿಯನ್ನು ಆರಿಸಿಕೊಂಡದ್ದು ತಮ್ಮ ಕಾಲದ ಸಭೆಗೆ, ತಮ್ಮ ಕೈಗೆ. ನಾಳೆ ನಿಮ್ಮ ಗಿಟಾರಿನ ಮುಂದೆ ಮೈಕ್ ಇರುತ್ತದೆ. ಹನ್ನೆರಡರ ದಪ್ಪದಿಂದ ನಿಮಗೆ ಸಿಗಬೇಕಾದ ಜೋರನ್ನು ಸೌಂಡಿನವರು ಒಂದು ಗುಬುಟು ತಿರುಗಿಸಿ ಕೊಡಬಲ್ಲರು. ಕಿತ್ತ ಬ್ರಿಡ್ಜನ್ನು ಯಾರೂ ಅಲ್ಲಿ ಅಂಟಿಸಿಕೊಡಲಾರರು.

ಹನ್ನೊಂದಾದರೂ ಹಾಕಿಸೋಣವೇ ಎಂದು ಆಸೆಯಾಗುತ್ತದೆ. ಕೇಳಿಯೂ ಬಿಡುತ್ತೀರಿ.

"ಇವತ್ತು ಹತ್ತು. ಬ್ರಿಡ್ಜ್ ಬಿಚ್ಚಿ ಅಂಟ್ಸಿದ ಮೇಲೆ ಹನ್ನೊಂದು," ಎನ್ನುತ್ತಾರೆ. ಮಾತು ಮುಗಿಯಿತು.

ಹಳೆಯ ತಂತಿಗಳನ್ನು ಒಂದೊಂದಾಗಿ ಸಡಿಲಿಸುತ್ತಾರೆ. ಸ್ವರ ಇಳಿಯುತ್ತಾ ಇಳಿಯುತ್ತಾ ಗೊರಗೊರ ಎಂದು ನಿಲ್ಲುತ್ತದೆ. ಬತ್ತಲೆ ಫ್ರೆಟ್ ಬೋರ್ಡನ್ನು ಬಟ್ಟೆಯಲ್ಲಿ ಉಜ್ಜಿದಾಗ ಕೊಳೆಯ ಕೆಳಗಿನಿಂದ ನೇರಳೆ ಛಾಯೆಯ ಕಂದು ಮರ ಹೊರಬರುತ್ತದೆ. "ಬೀಟೆ," ಎನ್ನುವಾಗ ಅವರ ದನಿಯಲ್ಲಿ ಅಭಿಮಾನ. ಮೈಸೂರಿನ ಕೆತ್ತನೆಯವರು ಚಿತ್ರ ಕೂರಿಸುವ ಅದೇ ಬೀಟೆ. ಬ್ರೆಜಿಲ್ಲಿನ ಮರ ಸಿಗುವುದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ಬದಲಾಯಿಸಿಕೊಂಡಿತು. ಅಂದಿನಿಂದ ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳ ಬೆನ್ನು ದಕ್ಷಿಣ ಭಾರತದ ಕಾಡಿನ ಮರದ್ದು.

ಆರನೆಯದರಿಂದ ಶುರು. ತಂತಿಯ ಗುಂಡು ತುದಿ ರಂಧ್ರದೊಳಗೆ, ಮೇಲೆ ಪಿನ್, ಹೆಬ್ಬೆರಳಲ್ಲಿ ಒತ್ತಿ ತಂತಿಯನ್ನು ಮೇಲಕ್ಕೆ ಜಗ್ಗಿ ನೋಡುತ್ತಾರೆ. ಗುಂಡು ಒಳಗಿನ ಹಲಗೆಗೆ ಕಚ್ಚಿಕೊಂಡಿದ್ದು ಕೈಗೇ ತಿಳಿಯುತ್ತದೆ. ಸುತ್ತಲು ಎರಡು ಇಂಚು ಸಡಿಲ ಬಿಡುತ್ತಾರೆ. ಐದು ತಂತಿ ಏರುತ್ತವೆ. ಕೊನೆಯದನ್ನು ನಿಮ್ಮ ಕೈಗೆ ಕೊಡುತ್ತಾರೆ.

"ನೀನೇ ಏರ್ಸು. ಮುಖ ಆ ಕಡೆ ಇರ್ಲಿ."

ಕೂದಲಿನಷ್ಟು ತೆಳು, 0.25 ಮಿಲಿಮೀಟರ್. ಕೀ ತಿರುಗಿಸುತ್ತೀರಿ. ಮೊದಲು ಸ್ವರವೇ ಇಲ್ಲ. ಮತ್ತೆ ತಿರುಗಿಸುತ್ತೀರಿ. ಫೋನಿನ ಟ್ಯೂನರ್ ಸಿ ಎನ್ನುತ್ತದೆ. ಡಿ. ನಟ್ಟಿನ ಸಂದಿನಲ್ಲಿ ಟಿಕ್ ಎಂದು ತಂತಿ ಜಾರುತ್ತದೆ, ಭುಜ ಕಿವಿಯ ತನಕ ಏರುತ್ತದೆ. ಅಂಗೈ ಬೆವರು. ಡಿ ಶಾರ್ಪ್. ಬ್ರಿಡ್ಜ್ ಕಡೆಯಿಂದ ಕಿರ್ ಎಂದಿತೇ? ಇಲ್ಲ, ಕೂತ ಸ್ಟೂಲು. ಇನ್ನು ಕಾಲು ಸುತ್ತು. ಉಸಿರು ಬಿಗಿ. ಇನ್ನು ಚೂರು. ಇನ್ನು ಚೂರೇ ಚೂರು.

ಇ. ಸೆಕೆಂಡಿಗೆ 330 ಕಂಪನ. ತಂತಿ ನಿಂತಿದೆ. ಹಿರಿಯರು ವಿಸಿಟಿಂಗ್ ಕಾರ್ಡನ್ನು ಮತ್ತೆ ತಳ್ಳಿ ನೋಡುತ್ತಾರೆ. ಮೊದಲಿಗಿಂತ ಹೆಚ್ಚು ಒಳಗೆ ಹೋಗುವುದಿಲ್ಲ.

ನಿಮಿಷದೊಳಗೆ ಸ್ವರ ಇಳಿಯುತ್ತದೆ. ಹೊಸ ತಂತಿ ಹಿಗ್ಗುತ್ತದೆ, ಗೂಟದ ಸುತ್ತಿನಲ್ಲಿ ಕೂರುತ್ತದೆ. ಹಿರಿಯರು ಪ್ರತಿ ತಂತಿಯನ್ನೂ ನಡುವೆ ಹಿಡಿದು ಮೆಲ್ಲಗೆ ಮೇಲಕ್ಕೆಳೆದು, ಮತ್ತೆ ಏರಿಸಿ, ಮತ್ತೆ ಎಳೆಯುತ್ತಾರೆ. ಅವರು ಫೋನ್ ನೋಡುವುದಿಲ್ಲ. ಕತ್ತು ವಾಲಿಸಿ ಕೇಳುತ್ತಾರೆ, ಅಷ್ಟೆ. ನಿಮ್ಮ ಕೈಗೆ ಬಂದಾಗ ಎಫ್ ಕಾರ್ಡ್ ಹಿಡಿಯುತ್ತೀರಿ. ತೋರುಬೆರಳು ಆರೂ ತಂತಿಯನ್ನು ಒಟ್ಟಿಗೆ ಒತ್ತುತ್ತದೆ, ಒಂದೂ ಸತ್ತ ಸದ್ದು ಮಾಡುವುದಿಲ್ಲ. ದನಿ ಹನ್ನೆರಡರಷ್ಟು ತುಂಬಿಲ್ಲ, ಅದನ್ನು ಒಪ್ಪಬೇಕು. ಆದರೆ ಸ್ವಚ್ಛವಾಗಿದೆ, ಮತ್ತು ಮಣಿಕಟ್ಟು ನೋಯುತ್ತಿಲ್ಲ.

ಇಂದು ರಾತ್ರಿ ಮಲಗುವ ಮುಂಚೆ ಒಮ್ಮೆ, ನಾಳೆ ಬೆಳಿಗ್ಗೆ ಒಮ್ಮೆ, ವೇದಿಕೆ ಹತ್ತುವ ಮುಂಚೆ ಮತ್ತೊಮ್ಮೆ ಶ್ರುತಿ ನೋಡಿಕೊಳ್ಳಿ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳ ಬೆವರು ಒರೆಸಿ. ಗಿಟಾರನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಅಂಟು ಇನ್ನಷ್ಟು ಸಡಿಲವಾಗುತ್ತದೆ. ದಸರೆ ಮುಗಿದ ಕೂಡಲೇ ಬ್ರಿಡ್ಜ್ ಅಂಟಿಸಲು ಕೊಡಿ, ಆಮೇಲೆ ಹನ್ನೊಂದರ ಫಾಸ್ಫರ್ ಬ್ರಾಂಜ್ ಹಾಕಿಸಿ. ಖಾಲಿ ಪ್ಯಾಕೆಟ್ ಎಸೆಯಬೇಡಿ. ಅದರ ಮೇಲೆ ಇಂದಿನ ತಾರೀಖು ಬರೆದು ಚೀಲದ ಜೇಬಿನಲ್ಲಿಡಿ. ಮುಂದಿನ ಸಲ ತಂತಿ ಕೊಳ್ಳುವಾಗ ಅದು ಬೇಕಾಗುತ್ತದೆ.